ದ್ರವ್ಯಶುದ್ಧಿಯೂ ಅರ್ಥಶೌಚವೂ

ಶ್ರಾವಣಮಾಸವು ಸಮೀಪಿಸುತ್ತಲೇ ನಮ್ಮ ಆಸ್ತಿಕ ಗೃಹಗಳಲ್ಲಿ ದೇವರ ಕೋಣೆಯ ಪೆಟ್ಟಿಗೆಗಳು ತೆರೆಯಲ್ಪಡುತ್ತವೆ. ಕಲಶದ ತಂಬಿಗೆ, ದೀಪದ ಕಂಬ, ಆರತಿಯ ತಟ್ಟೆ, ಪಂಚಪಾತ್ರೆ, ಉದ್ಧರಣೆಗಳು ಹೊರಬರುತ್ತವೆ. ಇವುಗಳ ಜತೆಗೆ, ಹಿರಿಯರು ಹಳೆಯ ಪಟ್ಟೆಯ ತುಂಡಿನಲ್ಲಿ ಕಟ್ಟಿಟ್ಟ ನಾಣ್ಯಗಳೂ ಹೊರಬರುತ್ತವೆ. ವರಮಹಾಲಕ್ಷ್ಮೀವ್ರತದಂದು ಕಲಶದೊಳಗೆ ಹಾಕುವುದಕ್ಕೂ, ದೀಪಾವಳಿಯ ಅಮಾವಾಸ್ಯೆಯಂದು ಧನಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಇಡುವುದಕ್ಕೂ ಇವು ಬೇಕು. ವರ್ಷವಿಡೀ ಕತ್ತಲೆಯಲ್ಲಿದ್ದ ಬೆಳ್ಳಿಯ ರೂಪಾಯಿ ಕಪ್ಪಾಗಿರುತ್ತದೆ. ತಾಮ್ರದ ಕಾಸು ಕಂದುಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಹಸಿರು ಹಿಡಿದಿರುತ್ತದೆ. ಮನೆಯ ಮಾತೆಯರು ಹುಣಿಸೆಹಣ್ಣನ್ನು ನೆನೆಹಾಕುತ್ತಾರೆ. ಹಿಂದೆ ಒಲೆಯ ಬೂದಿಯನ್ನು ಸೋಸಿ ಇಡುತ್ತಿದ್ದರು; ಈಗ ಅಂಗಡಿಯ ಪುಡಿಯು ಬಂದಿದೆ. ಸ್ವಲ್ಪ ಹೊತ್ತಿನಲ್ಲಿಯೇ ನಾಣ್ಯಗಳು ಥಳಥಳಿಸತೊಡಗುತ್ತವೆ.

ಇದು ಅಡಿಗೆಮನೆಯ ಸಣ್ಣ ಕೆಲಸ. ಇದರಲ್ಲಿ ತತ್ತ್ವವಿಚಾರಕ್ಕೆ ಅವಕಾಶವೆಲ್ಲಿ ಎಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಧರ್ಮಶಾಸ್ತ್ರಕಾರರು ಇದನ್ನು ಸಣ್ಣದೆಂದು ಎಣಿಸಲಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೂ ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿಯೂ ಲೋಹ, ವಸ್ತ್ರ, ಧಾನ್ಯಾದಿ ದ್ರವ್ಯಗಳ ಶುದ್ಧಿಯ ವಿಚಾರವು ವಿಸ್ತಾರವಾಗಿ ಬಂದಿದೆ. ಅಷ್ಟು ದೊಡ್ಡವರು ಪಾತ್ರೆಪದಾರ್ಥಗಳ ತೊಳೆಯುವಿಕೆಯನ್ನು ಕುರಿತು ಇಷ್ಟು ಆಲೋಚಿಸಿದುದು ಏತಕ್ಕೆ? ಶುದ್ಧಿಯೆಂದರೆ ಹೊಳಪೇ? ಅಥವಾ ಬೇರೆ ಏನಾದರೂ ಉಂಟೇ? ತೆಗೆಯಬೇಕಾದುದು ಯಾವುದು, ಉಳಿಸಬೇಕಾದುದು ಯಾವುದು? ಈ ಪ್ರಶ್ನೆಯು ನಾಣ್ಯದಲ್ಲಿ ಆರಂಭವಾದರೂ ನಾಣ್ಯದಲ್ಲಿಯೇ ನಿಲ್ಲುವಂತಹುದಲ್ಲ. ಆದುದರಿಂದ ಹಬ್ಬದ ಈ ಸಂದರ್ಭದಲ್ಲಿ ಇದನ್ನು ಸ್ವಲ್ಪ ವಿಚಾರಿಸೋಣ.

ಮಲದ ಸ್ವರೂಪ

ಮೊದಲು ಲೌಕಿಕವನ್ನೇ ನೋಡೋಣ. ಬೆಳ್ಳಿಯ ಮೇಲಿನ ಕಪ್ಪು ಹೊರಗಿನಿಂದ ಬಂದು ಕುಳಿತ ಧೂಳಲ್ಲ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಗಂಧಕದ ಅಂಶವು ಬೆಳ್ಳಿಯೊಡನೆ ಕೂಡಿ, ಬೆಳ್ಳಿಯ ಮೇಲ್ಪದರವೇ ಕಪ್ಪಾದ ಇನ್ನೊಂದು ಪದಾರ್ಥವಾಗಿ ಮಾರ್ಪಟ್ಟಿರುತ್ತದೆ. ಅದನ್ನು ಬೂದಿಯಿಂದಲೋ ಪುಡಿಯಿಂದಲೋ ಉಜ್ಜಿದಾಗ ಬಟ್ಟೆಗೆ ಹತ್ತುವ ಕಪ್ಪಿನಲ್ಲಿ ಬೆಳ್ಳಿಯೂ ಸೇರಿರುತ್ತದೆ. ಪ್ರತಿವರ್ಷವೂ ಉಜ್ಜಿದ ರೂಪಾಯಿಯು ಪ್ರತಿವರ್ಷವೂ ಕೂದಲೆಳೆಯಷ್ಟು ಸವೆಯುತ್ತದೆ. ಮೊದಲು ಸವೆಯುವುದು ಎತ್ತರವಾದ ಭಾಗ, ಅಂದರೆ ಮುದ್ರೆ. ಮುಖದ ರೇಖೆ, ಅಕ್ಷರದ ಅಂಚು, ಇಸವಿಯ ಅಂಕೆ, ಇವೆಲ್ಲವೂ ಕ್ರಮೇಣ ಮಾಸಿ, ಕೊನೆಗೆ ಹೊಳೆಯುವ ಒಂದು ಬಿಲ್ಲೆ ಮಾತ್ರ ಉಳಿಯುತ್ತದೆ. ಹೊಳಪು ಬಂದಿತು, ನಾಣ್ಯತ್ವವು ಹೋಯಿತು.

ತಾಮ್ರದ ವಿಷಯದಲ್ಲಿ ಎರಡು ಬಗೆಯ ಬಣ್ಣಗಳನ್ನು ಗಮನಿಸಬೇಕು. ಹಳೆಯ ಕಾಸಿನ ಮೇಲೆ ಸಮವಾಗಿ ಹರಡಿರುವ ಕಂದುಬಣ್ಣವೊಂದು. ಇದು ತಾಮ್ರವು ಗಾಳಿಯೊಡನೆ ಕೂಡಿ ಉಂಟಾದ ತೆಳುವಾದ ಪದರ. ಇದು ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಇನ್ನೊಂದು, ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಕಾಣುವ, ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿಹಸಿರು. ಸಮುದ್ರತೀರದ ಊರುಗಳಲ್ಲಿ ಉಪ್ಪಿನ ಗಾಳಿಯಿಂದ ಇದು ಹೆಚ್ಚು. ಇದು ಕಾಯುವುದಿಲ್ಲ, ತಿನ್ನುತ್ತದೆ. ತೇವ ಸಿಕ್ಕಿದಷ್ಟು ಕಾಲವೂ ಒಳಗೊಳಗೆ ತಿನ್ನುತ್ತಲೇ ಹೋಗಿ ನಾಣ್ಯದಲ್ಲಿ ಹಳ್ಳವನ್ನು ಮಾಡುತ್ತದೆ. ಹುಣಿಸೆಯ ಹುಳಿಗೆ ಈ ಭೇದವು ತಿಳಿಯದು. ಅದು ಕಂದನ್ನೂ ಹಸಿರನ್ನೂ ಒಂದೇ ಸಮನಾಗಿ ಕರಗಿಸಿ ಕೆಂಪಾದ ಹೊಸ ತಾಮ್ರವನ್ನು ತೋರಿಸುತ್ತದೆ. ಆದರೆ ಕಾವಲನ್ನು ಕಳೆದುಕೊಂಡ ಆ ಹೊಸ ಕೆಂಪು ಬಹುಕಾಲ ನಿಲ್ಲುವುದಿಲ್ಲ. ಹುಳಿಯ ಅಂಶವು ಉಳಿದುಕೊಂಡಿದ್ದರಂತೂ ನಾಲ್ಕೇ ದಿನಗಳಲ್ಲಿ ಮೊದಲಿಗಿಂತ ವಿಕಾರವಾಗಿ ಕಲೆಗಟ್ಟುತ್ತದೆ.

ಆದುದರಿಂದಲೇ ಹಳೆಯ ನಾಣ್ಯಗಳನ್ನು ಬಲ್ಲವರು ಅವನ್ನು ಉಜ್ಜಬಾರದೆಂದು ಒಂದೇ ಧ್ವನಿಯಿಂದ ಹೇಳುತ್ತಾರೆ. ಸಂಗ್ರಾಹಕರ ಕಣ್ಣಿನಲ್ಲಿ, ಉಜ್ಜಿ ಬೆಳಗಿದ ನಾಣ್ಯಕ್ಕಿಂತ ಮಾಸಿದ ನಾಣ್ಯಕ್ಕೇ ಬೆಲೆ ಹೆಚ್ಚು. ಲೋಕದೃಷ್ಟಿಗೆ ಇದು ವಿಚಿತ್ರವೆನಿಸಿದರೂ ಕಾರಣವು ಸ್ಪಷ್ಟವಾಗಿದೆ. ಮಲವನ್ನು ಕಳೆಯುವ ಆತುರದಲ್ಲಿ ವಸ್ತುವನ್ನೇ ಕಳೆದರೆ ಅದು ಶುದ್ಧಿಯಲ್ಲ, ಹಾನಿ.

ಯಥಾರ್ಹವಾದ ಶುದ್ಧಿ

ಈಗ ಸ್ಮೃತಿಯ ಮಾತನ್ನು ನೋಡಿದರೆ ಹಿರಿಯರ ಸೂಕ್ಷ್ಮದೃಷ್ಟಿಯು ಅರಿವಾಗುತ್ತದೆ. ಚಿನ್ನದ ಪಾತ್ರೆಗೆ ಏನೂ ಅಂಟಿರದಿದ್ದರೆ ಬರಿಯ ನೀರಿನಿಂದಲೇ ಅದು ಶುದ್ಧವೆಂದು ಮನುವು ಹೇಳುತ್ತಾನೆ. ಕೆತ್ತನೆಯಿಲ್ಲದ ಬೆಳ್ಳಿಗೂ ಅಷ್ಟೇ ಸಾಕು. ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳಿಗೆ ಕ್ಷಾರ, ಹುಳಿ, ನೀರುಗಳಿಂದ ಶುದ್ಧಿ. ಅದೂ 'ಯಥಾರ್ಹ'ವಾಗಿ, ಎಂದರೆ ಯಾವುದಕ್ಕೆ ಯಾವುದು ಎಷ್ಟು ತಕ್ಕುದೋ ಅಷ್ಟು. ಈ 'ಯಥಾರ್ಹ' ಎಂಬ ಒಂದು ಪದದಲ್ಲಿಯೇ ಪ್ರಕರಣದ ಸಾರವೆಲ್ಲ ಅಡಗಿದೆ ಎಂದರೆ ತಪ್ಪಾಗದು. ಎಲ್ಲಕ್ಕೂ ಒಂದೇ ಮದ್ದು ಎಂದು ಶಾಸ್ತ್ರವು ಎಲ್ಲಿಯೂ ಹೇಳಲಿಲ್ಲ. ವಸ್ತುಗಳಲ್ಲಿ ಪರಸ್ಪರ ಭೇದವುಂಟು. ಆ ಭೇದವನ್ನು ಅರಿತವನಿಗೆ ಮಾತ್ರ ಶುದ್ಧಿಮಾಡುವ ಅಧಿಕಾರ.

ನಮ್ಮ ಮನೆಗಳ ಒಂದು ಚಿಕ್ಕ ಗಂಟಿನಲ್ಲಿಯೇ ಎಷ್ಟು ಭೇದಗಳಿವೆ ನೋಡಿ. ೧೯೩೯ಕ್ಕಿಂತ ಹಿಂದಿನ ಹಳೆಯ ರೂಪಾಯಿಯು ಒಂದು ತೊಲ, ಎಂದರೆ ಸುಮಾರು ೧೧.೬೬ ಗ್ರಾಂ ತೂಗುತ್ತಿತ್ತು. ಅದರ ಹನ್ನೆರಡು ಭಾಗಗಳಲ್ಲಿ ಹನ್ನೊಂದು ಭಾಗವು ಶುದ್ಧ ಬೆಳ್ಳಿ. ಮಹಾಯುದ್ಧದ ಕಾಲದಲ್ಲಿ, ೧೯೪೦ರಿಂದ, ಬೆಳ್ಳಿಯು ಅರ್ಧಕ್ಕೆ ಇಳಿಯಿತು. ೧೯೪೭ರ ಮುದ್ರೆಯ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಕಾಲಾಣೆಯು ೧೯೦೬ರವರೆಗೆ ತಾಮ್ರವಾಗಿದ್ದು ಅನಂತರ ಕಂಚಾಯಿತು. ೧೯೪೩ರಿಂದ ಬಂದ ತೂತಿನ ಕಾಸೂ ಕಂಚೇ. ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕವು ಹೋಗಿ ನೂರು ನಯಾಪೈಸೆಯ ಲೆಕ್ಕವು ಬಂದುದು ೧೯೫೭ರ ಏಪ್ರಿಲ್ ೧ರಂದು. 'ನಯಾ' ಎಂಬುದು ೧೯೬೪ರಲ್ಲಿ ಬಿಟ್ಟುಹೋಯಿತು. ಆಮೇಲಿನ ಮೂರು ಪೈಸೆ, ಚೌಕದ ಐದು ಪೈಸೆ, ಹೂವಿನ ಅಂಚಿನ ಹತ್ತು ಪೈಸೆಗಳು ಅಲ್ಯೂಮಿನಿಯಂ. ಈಗಿನ ಒಂದು ರೂಪಾಯಿಯು ಉಕ್ಕು. ಇವೆಲ್ಲವನ್ನೂ ಒಂದೇ ಬೋಗುಣಿಯ ಹುಣಿಸೆನೀರಿಗೆ ಹಾಕುವುದು ಅವಿವೇಕ. ಹಿತ್ತಾಳೆಯನ್ನು ಹುಳಿಯಲ್ಲಿ ಬಹಳ ಹೊತ್ತು ಬಿಟ್ಟರೆ ಅದರ ಸತುವು ಕರಗಿ ಕೆಂಪಾಗುತ್ತದೆ. ಅಲ್ಯೂಮಿನಿಯಮ್ಮನ್ನು ಬಟ್ಟೆಯ ಸೋಡಾ ನೀರಿನಲ್ಲಿ ಹಾಕಿದರೆ ಸೋಡಾ ಅದನ್ನು ತಿಂದುಬಿಡುತ್ತದೆ. ಉಕ್ಕಿಗೆ ಹುಣಿಸೆಯಿಂದ ಪ್ರಯೋಜನವಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಹಿರಿಯರ ಕಾಲದ ನಾಣ್ಯಗಳಿಗೆ ಅಂಟವಾಳಕಾಯಿಯ ತಿಳಿನೀರೋ ಉಗುರುಬೆಚ್ಚಗಿನ ನೀರೋ ಸಾಕು. ಧೂಳು, ಎಣ್ಣೆ, ಅರಿಶಿನಕುಂಕುಮಗಳ ಲೇಪವು ಇದರಿಂದಲೇ ಹೋಗುತ್ತದೆ. ಉಜ್ಜದೆ, ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿಯಾಗಿ ಒಣಗಿಸಿ ಇಡಬೇಕು. ಪುಡಿಯಾಗುವ ಹಸಿರನ್ನು ಮಾತ್ರ ಬಿದಿರಿನ ಕಡ್ಡಿಯ ತುದಿಯಿಂದ ಮೆಲ್ಲನೆ ಬಿಡಿಸಬೇಕು. ಬೆಳ್ಳಿ ತೀರ ಕಪ್ಪಾಗಿದ್ದರೆ, ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು ಅಡಿಗೆಸೋಡಾ ಬೆರೆಸಿದ ಬಿಸಿನೀರನ್ನು ಹೊಯ್ಯುವ ಒಂದು ಕ್ರಮವುಂಟು. ಆಗ ಗಂಧಕವು ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿಯು ಹಿಂದಿರುಗಿ ಬೆಳ್ಳಿಯಾಗುತ್ತದೆ, ಲೋಹವು ಸವೆಯುವುದಿಲ್ಲ. ಪಾತ್ರೆಗಳಿಗೆ ಇದು ಒಳ್ಳೆಯದು. ಮುದ್ರೆ ಸ್ಪಷ್ಟವಾಗಿರುವ ಹಳೆಯ ನಾಣ್ಯಕ್ಕೆ ಇದೂ ಬೇಡ, ಏಕೆಂದರೆ ಮೈಯು ಮಂಕಾಗುವುದುಂಟು. ಕಟ್ಟಿಡುವಾಗ ರಬ್ಬರಿನ ಪಟ್ಟಿ, ಉಣ್ಣೆಯ ಬಟ್ಟೆಗಳನ್ನು ಬಳಸಬಾರದು. ಇವುಗಳಲ್ಲಿ ಗಂಧಕದ ಅಂಶವಿರುವುದರಿಂದ ಬೆಳ್ಳಿಯು ಬೇಗ ಕಪ್ಪಾಗುತ್ತದೆ. ಶ್ರೀಮಹಾಲಕ್ಷ್ಮಿಯ ಸನ್ನಿಧಾನಕ್ಕೆ ನಾಣ್ಯದ ಥಳಕು ಬೇಕೆಂದು ಶಾಸ್ತ್ರದಲ್ಲಿಲ್ಲ. ತೊಳೆದು, ಪ್ರೋಕ್ಷಣೆಮಾಡಿ, ಭಕ್ತಿಯಿಂದ ಇಟ್ಟ ಕಂದುಬಣ್ಣದ ಕಾಸೂ ಪೂಜಾರ್ಹವೇ.

ಕಾಯುವ ಕಂದು, ತಿನ್ನುವ ಹಸಿರು

ಈ ಕಂದು ಮತ್ತು ಹಸಿರುಗಳ ವಿಚಾರವನ್ನು ನಾವು ನಮ್ಮ ಮನೆತನದ ನಡೆನುಡಿಗಳಿಗೂ ಅನ್ವಯಿಸಿ ನೋಡಬೇಕಾಗಿದೆ. ಇಂದು ಅನೇಕ ಕುಟುಂಬಗಳಲ್ಲಿ ಹಿರಿಯರಿಗೂ ಕಿರಿಯರಿಗೂ ವಾದವು ನಡೆಯುತ್ತಿರುವುದು ಈ ಒಂದು ವಿಷಯದಲ್ಲಿಯೇ. ಕಿರಿಯರು ಹಳೆಯದನ್ನೆಲ್ಲ ಕಿಲುಬೆಂದು ಭಾವಿಸಿ ಉಜ್ಜಿಹಾಕಲು ಹೊರಡುತ್ತಾರೆ. ಹಿರಿಯರು ಕಿಲುಬನ್ನೂ ಸೇರಿಸಿ ಎಲ್ಲವನ್ನೂ ಸಂಪ್ರದಾಯವೆಂದು ಕಾಪಾಡಲು ನಿಲ್ಲುತ್ತಾರೆ. ಇಬ್ಬರೂ ಭೇದವನ್ನು ಅರಿಯದವರೇ.

ಪರೀಕ್ಷೆಯು ಕಷ್ಟವಾದುದಲ್ಲ. ಇದು ಒಳಗಿನ ಲೋಹವನ್ನು ಕಾಯುತ್ತದೆಯೇ, ತಿನ್ನುತ್ತದೆಯೇ? ಎಂದು ಕೇಳಿದರೆ ಸಾಕು. ನಿತ್ಯದ ಸಂಧ್ಯಾವಂದನೆ, ಏಕಾದಶಿಯ ಉಪವಾಸ, ನೈವೇದ್ಯಮಾಡದೆ ಉಣ್ಣದಿರುವುದು, ತುಳಸಿಗೆ ನೀರೆರೆಯುವುದು, ಪಿತೃಗಳ ದಿನವನ್ನು ಮರೆಯದಿರುವುದು, ಇವು ಮೇಲ್ನೋಟಕ್ಕೆ ಮಂಕಾಗಿ, ಹಳತಾಗಿ, ಹೊಳಪಿಲ್ಲದೆ ಕಾಣಬಹುದು. ಆದರೆ ಇವು ನೂರಾರು ವರ್ಷಗಳ ಗಾಳಿಬೆಳಕಿನಲ್ಲಿ ಮೂಡಿದ ಕಂದುಬಣ್ಣ. ಒಳಗಿನ ಭಕ್ತಿಗೆ ಇವೇ ಕಾವಲು. ಇವನ್ನು ಕಳೆದ ಮೇಲೆ ಕಾಣುವ ಹೊಸ ಹೊಳಪು ಒಂದು ತಲೆಮಾರಿನವರೆಗೂ ನಿಲ್ಲುವುದಿಲ್ಲ. ಅದೇ ರೀತಿ, ಮಡಿಯ ನೆಪದಿಂದ ಅತಿಥಿಯ ಮನಸ್ಸನ್ನು ನೋಯಿಸುವುದು, ಮನೆಗೆಲಸಕ್ಕೆ ಬಂದವರನ್ನು ಹೀನಾಯವಾಗಿ ಕಾಣುವುದು, ಪಂಕ್ತಿಯಲ್ಲಿ ಕುಳಿತವರ ಬೆಲೆಯನ್ನು ಅವರ ಮೈಮೇಲಿನ ಒಡವೆಯಿಂದ ಕಟ್ಟುವುದು, ಇವೂ ಬಹಳ ಕಾಲದಿಂದ ಬಂದಿರಬಹುದು. ಆದರೆ ಇವು ಹಸಿರು ಪುಡಿ. ಬಹಳ ಕಾಲದಿಂದ ಇದೆ ಎಂಬುದು ಇವನ್ನು ಉಳಿಸಲು ಕಾರಣವಾಗದು. ಬಹಳ ಕಾಲದಿಂದ ತಿನ್ನುತ್ತಿದೆ ಎಂದಷ್ಟೇ ಅದರ ಅರ್ಥ.

ಜೀವನ ಶುದ್ಧಿ

ಇಲ್ಲಿ ತತ್ತ್ವಜಿಜ್ಞಾಸುಗಳು ಒಂದು ಆಕ್ಷೇಪವನ್ನು ಎತ್ತಬಹುದು. "ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವರು ಪರಸ್ಪರ ಭಿನ್ನರು, ಅವರ ಸ್ವರೂಪದಲ್ಲಿ ತಾರತಮ್ಯವುಂಟು, ಆ ಸ್ವರೂಪವು ಎಂದಿಗೂ ಬದಲಾಗದು. ಹಾಗಿರುವಾಗ ತಾಮ್ರವನ್ನು ಎಷ್ಟು ತೊಳೆದರೂ ತಾಮ್ರವೇ. ಚಿನ್ನವಾಗುವ ಆಸೆಯಿಲ್ಲದ ಮೇಲೆ ತೊಳೆಯುವುದಾದರೂ ಏತಕ್ಕೆ? ಸಾಧನೆಯು ವ್ಯರ್ಥವಲ್ಲವೇ?"

ಆಕ್ಷೇಪವು ಮೇಲ್ನೋಟಕ್ಕೆ ಬಲವಾಗಿದ್ದರೂ ವಿಚಾರಕ್ಕೆ ನಿಲ್ಲದು. ತೊಳೆಯುವುದು ಇನ್ನೊಂದಾಗುವುದಕ್ಕಲ್ಲ, ತಾನಾಗುವುದಕ್ಕೆ. ಮುಕ್ತಿಯೆಂದರೆ ಪರಸ್ವರೂಪದಲ್ಲಿ ಲಯವಾಗುವುದೂ ಅಲ್ಲ, ಇಲ್ಲದ ಹೊಸ ಗುಣವನ್ನು ಸಂಪಾದಿಸುವುದೂ ಅಲ್ಲ. ಮುಚ್ಚಿಹೋಗಿರುವ ತನ್ನ ಸ್ವರೂಪಾನಂದವು ಪೂರ್ಣವಾಗಿ ವ್ಯಕ್ತವಾಗುವುದು ಎಂದು ನಮ್ಮ ಸಿದ್ಧಾಂತ. ಶುದ್ಧವಾದ ತಾಮ್ರಕ್ಕೆ ತಾಮ್ರದ ಕಾಂತಿಯು ಪೂರ್ಣವಾಗಿಯೇ ಇರುತ್ತದೆ. ಬೆಳ್ಳಿಯನ್ನು ಕಂಡು ಅದಕ್ಕೆ ಕೊರಗಿಲ್ಲ. ಹಾಗೆಯೇ ಮುಕ್ತರಲ್ಲಿ ತಾರತಮ್ಯವಿದ್ದರೂ ಅಸೂಯೆಯಿಲ್ಲ, ಅತೃಪ್ತಿಯಿಲ್ಲ. ಪ್ರತಿಯೊಬ್ಬನೂ ತನ್ನ ಯೋಗ್ಯತೆಗೆ ತಕ್ಕಂತೆ ಪೂರ್ಣ. ಇನ್ನೊಬ್ಬರ ಹೊಳಪನ್ನು ಕಂಡು ನಮ್ಮನ್ನು ನಾವು ಉಜ್ಜಿಕೊಂಡು ಸವೆಯುತ್ತಿರುವ ಈ ಕಾಲದಲ್ಲಿ ಇದು ಎಷ್ಟು ದೊಡ್ಡ ಸಮಾಧಾನವೆಂಬುದನ್ನು ವಾಚಕರೇ ಊಹಿಸಬಹುದು. ಶಾಲೆಯಲ್ಲಿ ಓದುವ ಮಕ್ಕಳನ್ನು ನೆರೆಮನೆಯ ಮಕ್ಕಳೊಡನೆ ಹೋಲಿಸಿ ಹಿಂಸಿಸುವ ತಂದೆತಾಯಿಗಳು ಇದನ್ನು ವಿಶೇಷವಾಗಿ ಮನನಮಾಡಬೇಕು. ಮಗುವಿನ ಮೇಲಿನ ಜಾಡ್ಯವನ್ನು ಕಳೆಯುವುದು ನಮ್ಮ ಕರ್ತವ್ಯ. ಅದರ ಲೋಹವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ.

ಆದರೆ ದೃಷ್ಟಾಂತವು ಎಲ್ಲ ಅಂಶಗಳಲ್ಲಿಯೂ ಸಮವಾಗಿರಬೇಕೆಂಬ ನಿಯಮವಿಲ್ಲ; ಎಲ್ಲಿ ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು. ಬೆಳ್ಳಿಯ ಕಪ್ಪು ಬೆಳ್ಳಿಯದೇ ವಿಕಾರ. ಜೀವನ ಅಜ್ಞಾನವು ಹಾಗಲ್ಲ. ಜ್ಞಾನಾನಂದರೂಪವಾದ ಜೀವಸ್ವರೂಪವು ವಿಕಾರಹೊಂದುವುದೇ ಇಲ್ಲ. ಅನಾದಿಯಾದ ಅವಿದ್ಯೆಯು ಅದನ್ನು ಮುಚ್ಚಿದೆ, ಅಷ್ಟೇ. ಆ ಮುಸುಕು ಎರಡು ಬಗೆಯೆಂದು ನಮ್ಮವರು ವಿವರಿಸುತ್ತಾರೆ. ಜೀವನಿಗೆ ತನ್ನ ನಿಜವನ್ನು ಮರೆಸುವುದು ಜೀವಾಚ್ಛಾದಿಕೆ. ಪರಮಾತ್ಮನನ್ನು ಅವನಿಗೆ ಮರೆಮಾಡುವುದು ಪರಮಾಚ್ಛಾದಿಕೆ. ಈ ಅಂಶದಲ್ಲಿ ಜೀವನಿಗೆ ಬೆಳ್ಳಿಗಿಂತ ಚಿನ್ನದ ಹೋಲಿಕೆಯೇ ಮೇಲು, ಏಕೆಂದರೆ ಚಿನ್ನಕ್ಕೆ ಲೇಪವು ಅಂಟಬಹುದೇ ಹೊರತು ಅದು ತಾನೇ ಮಲವಾಗಿ ಮಾರ್ಪಡುವುದಿಲ್ಲ. ಇನ್ನೂ ಒಂದು ವ್ಯತ್ಯಾಸವಿದೆ. ನಾಣ್ಯವು ಜಡ, ಸುಮ್ಮನೆ ಕೈಯಲ್ಲಿ ಕುಳಿತಿರುತ್ತದೆ. ಜೀವನು ಚೇತನ, ಶ್ರೀಹರಿಯ ಅಧೀನನಾಗಿದ್ದುಕೊಂಡೇ ಪ್ರಯತ್ನಮಾಡಬಲ್ಲವನು, ಮಾಡಬೇಕಾದವನು. ಶ್ರವಣ, ಮನನ, ಧ್ಯಾನ, ಭಕ್ತಿಗಳು ಅವನ ಪ್ರಯತ್ನ. ಮುಸುಕನ್ನು ಸರಿಸುವುದು ಮಾತ್ರ ಸ್ವಾಮಿಯ ಪ್ರಸಾದ. ಕೊನೆಯ ಸ್ನಾನವಾದ ವಿರಜಾನದಿಯ ಸ್ನಾನವಾಗಿ ಲಿಂಗದೇಹವು ಕಳಚುವುದೂ ಅವನ ಇಚ್ಛೆಯಿಂದಲೇ. ತೊಳೆಸಿಕೊಳ್ಳುವ ನಾಣ್ಯವು "ನನ್ನನ್ನು ನಾನೇ ತೊಳೆದುಕೊಂಡೆ" ಎಂದು ಹೆಮ್ಮೆಪಟ್ಟರೆ ಎಷ್ಟು ನಗೆಗೇಡೋ, ಸಾಧಕನ ಅಹಂಕಾರವೂ ಅಷ್ಟೇ ನಗೆಗೇಡು.

ಮುದ್ರೆಯ ವಿಚಾರವೂ ಇಲ್ಲಿ ಸ್ಮರಣೀಯ. ಲೋಹವು ನಾಣ್ಯವಾಗುವುದು ಒಡೆಯನ ಮುದ್ರೆಯಿಂದ. ಆಷಾಢ ಶುದ್ಧ ಏಕಾದಶಿಯಂದು ನಾವು ಗುರುಗಳಿಂದ ಶಂಖಚಕ್ರಗಳ ತಪ್ತಮುದ್ರೆಯನ್ನು ಧರಿಸುತ್ತೇವೆ. ಪ್ರತಿನಿತ್ಯವೂ ಗೋಪೀಚಂದನದ ಮುದ್ರೆಗಳನ್ನು ಇಟ್ಟುಕೊಳ್ಳುತ್ತೇವೆ. ನಾವು ಯಾರವರು ಎಂಬುದನ್ನು ಅವು ಸಾರುತ್ತವೆ. ಹೊಳಪಿನ ಆಸೆಯಿಂದ ಮುದ್ರೆಯನ್ನೇ ಅಳಿಸಿಕೊಂಡವನು ಎಷ್ಟು ಥಳಥಳಿಸಿದರೂ ಒಡೆಯನ ಬೊಕ್ಕಸದಲ್ಲಿ ಚಲಾವಣೆಯಾಗುವುದೆಂತು?

ಹುಣಿಸೆಯಿಂದ ಹೋಗದ ಮಲ

ಇದುವರೆಗೆ ಲೋಹದ ಮಲವನ್ನೂ ಜೀವನ ಮುಸುಕನ್ನೂ ವಿಚಾರಿಸಿದೆವು. ಇವೆರಡರ ನಡುವೆ ಮೂರನೆಯದೊಂದು ಮಲವುಂಟು. ಅದು ನಾಣ್ಯದ ಮೇಲೆ ಕಾಣದು, ಆದರೆ ನಾಣ್ಯದೊಡನೆಯೇ ಮನೆಗೆ ಬರುತ್ತದೆ. ಹಣವು ಬಂದ ದಾರಿಯೇ ಆ ಮಲ. ತಾಮ್ರಕ್ಕೆ ಹುಳಿ, ಚಿನ್ನಕ್ಕೆ ನೀರು ಎಂದು ವಿಧಿಸಿದ ಮನುಸ್ಮೃತಿಯ ಅದೇ ಐದನೆಯ ಅಧ್ಯಾಯದಲ್ಲಿ, ಎಲ್ಲ ಶೌಚಗಳಲ್ಲಿಯೂ ಅರ್ಥಶೌಚವೇ ಶ್ರೇಷ್ಠವೆಂದೂ, ಹಣದ ವಿಷಯದಲ್ಲಿ ಶುಚಿಯಾದವನೇ ಶುಚಿಯೆಂದೂ, ಬರಿಯ ಮಣ್ಣುನೀರುಗಳಿಂದ ಶುಚಿಯಾದವನು ಶುಚಿಯಲ್ಲವೆಂದೂ ತಿಳಿಸಲಾಗಿದೆ. ಪಾತ್ರೆಗಳ ಶುದ್ಧಿಯನ್ನು ಹೇಳುವುದಕ್ಕೂ ಮೊದಲೇ ಈ ಮಾತು ಬಂದಿರುವುದನ್ನು ಗಮನಿಸಬೇಕು. ಮೊದಲು ಹಣವು ಬಂದ ಬಗೆಯನ್ನು ನೋಡಿಕೋ, ಆಮೇಲೆ ಹಣವನ್ನು ತೊಳೆ ಎಂಬುದೇ ಈ ಕ್ರಮದ ಭಾವವೆಂದು ನಮಗೆ ತೋರುತ್ತದೆ.

ನಿಷ್ಠುರವಾದರೂ ಒಂದು ಮಾತನ್ನು ಹೇಳಲೇಬೇಕು. ವ್ರತದ ದಿನ ಮಂಟಪದಲ್ಲಿ ಸಾಲಾಗಿ ಬೆಳಗುವ ಬೆಳ್ಳಿಯ ತಟ್ಟೆ, ಚೊಂಬು, ನಾಣ್ಯಗಳಲ್ಲಿ ಎಷ್ಟು ವಸ್ತುಗಳು ಹೆಣ್ಣಿನ ತಂದೆಯಿಂದ ಒತ್ತಾಯದಿಂದ ಪಡೆದವು? ವರದಕ್ಷಿಣೆಯನ್ನು ನಿಷೇಧಿಸಿ ೧೯೬೧ರಲ್ಲಿಯೇ ಶಾಸನವು ಬಂದಿದೆ. ಆದರೂ 'ನಾವೇನೂ ಕೇಳಲಿಲ್ಲ, ಅವರೇ ಕೊಟ್ಟರು' ಎಂಬ ಮಾತಿನ ಹಿಂದೆ ಎಷ್ಟು ಮನೆಗಳ ಸಾಲವು ಅಡಗಿದೆಯೋ ಆ ಶ್ರೀಹರಿಯೇ ಬಲ್ಲ. ಮಗಳ ಮದುವೆಗಾಗಿ ಸಾಲಮಾಡಿ, ಸಾಲ ತೀರುವ ಮೊದಲೇ ಕಣ್ಣುಮುಚ್ಚಿದ ತಂದೆಯ ಬೆಳ್ಳಿಯ ತಟ್ಟೆಯನ್ನು ಎಷ್ಟು ಉಜ್ಜಿದರೂ ಅದು ಶುದ್ಧವಾದೀತೇ? ತಮ್ಮನ ಪಾಲನ್ನು ಅಡಗಿಸಿಟ್ಟ ಅಣ್ಣನ ಪೆಟ್ಟಿಗೆಯ ವರಹ, ಕೂಲಿಯವನ ಸಂಬಳದಲ್ಲಿ ಮುರಿದುಕೊಂಡ ರೂಪಾಯಿ, ಲಂಚದ ನೋಟಿನಿಂದ ಕೊಂಡ ಲಕ್ಷ್ಮೀಮುದ್ರೆಯ ಬಿಲ್ಲೆ, ಇವುಗಳಿಗೆ ಸ್ಮೃತಿಯಲ್ಲಿ ಹುಳಿಯನ್ನಾಗಲಿ ಕ್ಷಾರವನ್ನಾಗಲಿ ಹೇಳಿಲ್ಲ. ಇವುಗಳಿಗೆ ಶುದ್ಧಿಯು ಒಂದೇ: ಯಾರದೋ ಅವರಿಗೆ ಹಿಂದಿರುಗಿಸುವುದು. ಬೆಳ್ಳಿಯನ್ನು ಸವೆಸದೆ ಗಂಧಕವನ್ನು ಮಾತ್ರ ಬಿಡಿಸುವ ಕ್ರಮವನ್ನು ಮೇಲೆ ಹೇಳಿದೆವಷ್ಟೆ. ಹಿಂದಿರುಗಿಸುವುದೂ ಅದೇ ರೀತಿಯದು. ಸೇರಬಾರದುದು ಬಿಟ್ಟುಹೋಗುತ್ತದೆ, ನಮ್ಮದು ನಮ್ಮಲ್ಲಿ ಉಳಿಯುತ್ತದೆ. ದಾನಮಾಡಿದೆವು, ದೇವರಿಗೆ ಅರ್ಪಿಸಿದೆವು ಎಂದು ಈ ಬಾಧ್ಯತೆಯಿಂದ ತಪ್ಪಿಸಿಕೊಳ್ಳಲಾಗದು. ಅನ್ಯರ ಸೊತ್ತನ್ನು ಅರ್ಪಿಸುವವನು ದಾನಿಯಲ್ಲ.

ನಮ್ಮ ದಾಸಸಾಹಿತ್ಯದ ಪಿತಾಮಹರ ಕಥೆಯು ಇಲ್ಲಿ ಎಲ್ಲರ ನೆನಪಿಗೂ ಬರುತ್ತದೆ. ಶ್ರೀನಿವಾಸನಾಯಕನು ನವಕೋಟಿನಾರಾಯಣನೆನಿಸಿದ ಶ್ರೀಮಂತ. ಮಗನ ಉಪನಯನಕ್ಕೆಂದು ಯಾಚಿಸಿ ಬಂದ ಬಡಬ್ರಾಹ್ಮಣನನ್ನು ದಿನದಿನವೂ ನಾಳೆಗೆಂದು ಅಲೆಸಿ, ಕೊನೆಗೆ ಸವಕಲು ನಾಣ್ಯಗಳ ರಾಶಿಯನ್ನು ಮುಂದೆ ಸುರಿದು, ಒಂದನ್ನು ಆರಿಸಿಕೊ ಎಂದನೆಂದು ಸಂಪ್ರದಾಯದಲ್ಲಿ ಹೇಳುತ್ತಾರೆ. ಬಂದವನು ಸಾಕ್ಷಾತ್ ವಿಠಲನೇ. ಅವನು ಆ ರಾಶಿಯನ್ನು ಮುಟ್ಟಲಿಲ್ಲ. ನಾಯಕನ ಪತ್ನಿಯು ಮನಃಪೂರ್ವಕವಾಗಿ ಕೊಟ್ಟ ಮೂಗುತಿಯನ್ನು ಸ್ವೀಕರಿಸಿದನು. ಆ ರಾಶಿಯ ನಾಣ್ಯಗಳ ಸವಕಲಿಗೆ ಕಾರಣ ಕಾಲ. ಕೊಡುವ ಮನಸ್ಸಿನ ಸವಕಲಿಗೆ ಕಾರಣ ಲೋಭ. ಮುಂದೆ ಆ ನಾಯಕನು ಸರ್ವಸ್ವವನ್ನೂ ತ್ಯಜಿಸಿ, ಶ್ರೀವ್ಯಾಸರಾಜರಿಂದ ಅಂಕಿತವನ್ನು ಪಡೆದು ಪುರಂದರದಾಸರಾದುದು ಸರ್ವವಿದಿತ. ಎಂದರೆ, ಅವರಿಗೆ ಒಡೆಯನ ಮುದ್ರೆಯು ಹೊಸದಾಗಿ ಬಿದ್ದಿತು.

ಇನ್ನೊಂದು ಕಥೆ ಶ್ರೀಮದಾಚಾರ್ಯರ ಬಾಲ್ಯದ್ದು; ನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯದಿಂದ ನಮಗೆ ಪರಿಚಿತವಾದುದು. ತಂದೆಯವರಿಂದ ಎತ್ತಿನ ಬಾಬ್ತು ಹಣ ಬರಬೇಕಾಗಿದ್ದ ಸಾಲಿಗನು ಬಾಗಿಲಲ್ಲಿ ಕುಳಿತಾಗ, ಬಾಲಕ ವಾಸುದೇವನು ಅವನಿಗೆ ಹುಣಿಸೆಬೀಜಗಳನ್ನು ಕೊಟ್ಟು ಕಳುಹಿಸಿದನು. ಸಾಲಿಗನು ತೃಪ್ತನಾಗಿ ಹೋದನು. ಅನಂತರ ತಂದೆಯವರು ಹಣವನ್ನು ಕೊಡಲು ಹೋದಾಗ, ನಿಮ್ಮ ಮಗನಿಂದಲೇ ಸಂದಿದೆ ಎಂದನು. ಹುಣಿಸೆಯ ಹುಳಿಯಿಂದ ನಾವು ನಾಣ್ಯದ ಕಿಲುಬನ್ನು ತೆಗೆಯುತ್ತೇವೆ. ಆಚಾರ್ಯರ ಕೈಯಿಂದ ಬಂದ ಹುಣಿಸೆಯ ಬೀಜವು ಮನೆಯ ಋಣವನ್ನೇ ತೆಗೆಯಿತು. ಅಲ್ಲಿ ಹೊಳಪಿನ ಮಾತೇ ಇರಲಿಲ್ಲ. ಬೆಲೆಯು ವಸ್ತುವಿನಲ್ಲಿಲ್ಲ, ಕೊಡುವ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಮುಡಿಪಿನ ನಾಣ್ಯಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡೋಣ. ಕಷ್ಟಕಾಲದಲ್ಲಿ ತಿರುಪತಿಗೆಂದೋ ಉಡುಪಿಗೆಂದೋ ಮಂತ್ರಾಲಯಕ್ಕೆಂದೋ ಅರಿಶಿನದ ಬಟ್ಟೆಯಲ್ಲಿ ನಾಣ್ಯವನ್ನು ಕಟ್ಟಿ ದೇವರ ಮುಂದಿಡುತ್ತೇವೆ. ಕಷ್ಟವು ಪರಿಹಾರವಾದ ಮೇಲೆ ಅದು ಪೆಟ್ಟಿಗೆಯ ಮೂಲೆಯನ್ನು ಸೇರುತ್ತದೆ. ಅದನ್ನು ಬಿಚ್ಚಿದಾಗ ಕಪ್ಪಾದ ನಾಣ್ಯವನ್ನು ಕಂಡು, ಬೆಳಗಿ ಹುಂಡಿಗೆ ಹಾಕಬೇಕೇ ಎಂದು ಕೇಳುವವರುಂಟು. ಬೆಳಗಬೇಕಾಗಿಲ್ಲ, ತಲುಪಿಸಬೇಕು. ಮುಡಿಪಿನ ಕಿಲುಬೆಂದರೆ ವಿಳಂಬವೇ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು ೨೦೧೧ರ ಜೂನ್ ೩೦ರಿಂದ ಚಲಾವಣೆಯಲ್ಲಿಲ್ಲ. ಹಿರಿಯರ ಮುಡಿಪಿನಲ್ಲಿ ಅಂತಹವು ಇದ್ದರೆ, ಅವುಗಳ ಜತೆಗೆ ಈಗ ಸಲ್ಲುವ ಹಣವನ್ನು ಯಥಾಶಕ್ತಿ ಸೇರಿಸಿ ಸಮರ್ಪಿಸುವುದು ಉಚಿತ. ಅಜ್ಜಿಯ ಹರಕೆಯನ್ನು ಮೊಮ್ಮಗನು ತೀರಿಸಿದರೆ ಅದೂ ಪಿತೃಋಣದ ಒಂದು ಅಂಶವನ್ನು ತೀರಿಸಿದಂತೆಯೇ.

ಆದುದರ���ಂದ ಆಸ್ತಿಕಬಂಧುಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಈ ಹಬ್ಬಕ್ಕೆ ನಾಣ್ಯಗಳನ್ನು ತೊಳೆಯುವ ಮುನ್ನ ಒಂದು ಕ್ಷಣ ನಿಂತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇದು ಯಾವ ಲೋಹ, ಇದಕ್ಕೆ ತಕ್ಕುದು ಯಾವುದು? ಇದರ ಮೇಲಿರುವುದು ಕಾಯುವ ಕಂದೋ, ತಿನ್ನುವ ಹಸಿರೋ? ಇದು ನಮ್ಮ ಕೈಗೆ ಬಂದುದು ಹೇಗೆ? ಮೊದಲ ಪ್ರಶ್ನೆಗೆ ಉತ್ತರವನ್ನು ಮನೆಯ ಹಿರಿಯ ಹೆಂಗಸರು ಕೊಡುತ್ತಾರೆ. ಎರಡನೆಯದಕ್ಕೆ ವಿವೇಕವು ಕೊಡುತ್ತದೆ. ಮೂರನೆಯದಕ್ಕೆ ನಮ್ಮ ಅಂತರಂಗವೇ ಕೊಡಬೇಕು. ಅಲ್ಲಿ ಬಿಂಬರೂಪಿಯಾಗಿ ನಿಂತಿರುವ ಶ್ರೀಹರಿಯು ಉತ್ತರವನ್ನು ಮೊದಲೇ ಬಲ್ಲ. ಹಿಂದಿರುಗಿಸಬೇಕಾದುದು ಯಾವುದಾದರೂ ಇದ್ದರೆ, ಮಹಾಲಕ್ಷ್ಮಿಯು ಮನೆಗೆ ಬರುವ ಮೊದಲು ಅದು ಮನೆಯಿಂದ ಹೊರಡಲಿ. ಆಗ ಕಲಶದೊಳಗಿನ ಒಂದೇ ಒಂದು ಮಾಸಿದ ಕಾಸು ಸಾಕು, ಆ ತಾಯಿಯು ಪತಿಸಮೇತಳಾಗಿ ಪ್ರಸನ್ನಳಾಗುವುದರಲ್ಲಿ ಸಂಶಯವಿಲ್ಲ.

ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ಭೇದವನ್ನರಿತು ಶುದ್ಧಿಮಾಡಿಕೊಳ್ಳುವ ಬುದ್ಧಿಯನ್ನು ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥